ಪದ ಪರಿಚಯ: ಅನಿಶ್ಚಿತತೆ

‘ಅನಿಶ್ಚಿತತೆಯನ್ನು ಅಪ್ಪಿಕೊಳ್ಳಿ’ ಎಂಬ ಉಪದೇಶ ಈಗ ಎಲ್ಲೆಲ್ಲೂ ಸಿಗುತ್ತದೆ. ಬಳಸುವವರ ಅರ್ಥ ಮಾತ್ರ ‘ಏನಾಗುತ್ತೋ ಆಗಲಿ, ತಲೆ ಕೆಡಿಸಿಕೊಳ್ಳಬೇಡಿ’. ಅದಕ್ಕೆ ‘ಹಣೆಬರಹ’ ಎಂಬ ಒಳ್ಳೆಯ ಪದ ಮೊದಲೇ ಇದೆಯಲ್ಲ, ಅದನ್ನೇ ಬಳಸಬಹುದು.

ನಿರ್ಧಾರದ ಮಾತು ಬಂದಾಗ ಅನಿಶ್ಚಿತತೆಗೆ ಅಳತೆ ಇರುತ್ತದೆ. ಶೇ 55ರಷ್ಟು ನಂಬಿಕೆ ಬೇರೆ, ಶೇ 95 ಬೇರೆ. ಎರಡಕ್ಕೂ ‘ಬಹುಶಃ’ ಎಂದುಬಿಟ್ಟರೆ ಕೇಳಿದವರು ತಮಗೆ ತೋಚಿದ್ದನ್ನು ತುಂಬಿಕೊಳ್ಳುತ್ತಾರೆ. 1951ರಲ್ಲಿ ಅಮೆರಿಕದ ಗುಪ್ತಚರ ವರದಿಯೊಂದು, ಯುಗೊಸ್ಲಾವಿಯಾದ ಮೇಲೆ ದಾಳಿಯಾಗುವ ‘ಗಂಭೀರ ಸಾಧ್ಯತೆ’ ಇದೆ ಎಂದಿತು. ವರದಿ ತಯಾರಿಸಿದವರಲ್ಲಿ ಒಬ್ಬರಾದ ಶೆರ್ಮನ್ ಕೆಂಟ್ ಮನಸ್ಸಿನಲ್ಲಿದ್ದದ್ದು ಶೇ 65. ಜೊತೆಯವರನ್ನು ವಿಚಾರಿಸಿದರೆ ಒಬ್ಬರದ್ದು 20, ಇನ್ನೊಬ್ಬರದ್ದು 80! ಎಲ್ಲರೂ ಅದೇ ವಾಕ್ಯಕ್ಕೆ ಒಪ್ಪಿಗೆ ಕೊಟ್ಟವರೇ.

(ಸಂಭವ ಎಷ್ಟೆಂದು ಗೊತ್ತಿದ್ದರೆ ರಿಸ್ಕ್, ಅದೂ ಗೊತ್ತಿಲ್ಲದಿದ್ದರೆ ಅನಿಶ್ಚಿತತೆ ಎಂದು ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲೇ ಗೆರೆ ಎಳೆದರು. ದಿನಬಳಕೆಯಲ್ಲಿ ಆ ಗೆರೆ ನಿಲ್ಲುವುದಿಲ್ಲ, ಬಿಡಿ.)

ನನಗೆ ನಿಜಕ್ಕೂ ರೇಗುವುದು ಮಳೆಯ ವಿಷಯದಲ್ಲಿ. ‘ಶೇ 70 ಮಳೆ ಅಂದಿದ್ರು, ಬರಲೇ ಇಲ್ಲ, ಬರೀ ಸುಳ್ಳು.’ ಹತ್ತು ಸಲ 70 ಎಂದರೆ ಸುಮಾರು ಮೂರು ಸಲ ಬರಬಾರದು ಅಲ್ವಾ? 70 ಎಂದಾಗಲೆಲ್ಲ ತಪ್ಪದೆ ಮಳೆ ಸುರಿದರೆ ಎಡವಟ್ಟು ಆ ಅಂಕಿಯಲ್ಲೇ ಇದೆ. ಒಂದು ದಿನ ನೋಡಿ ತೀರ್ಪು ಕೊಡಲು ಆಗುವುದಿಲ್ಲ.

ತೀರ್ಪು ಕೊಡುವ ದಾರಿಯನ್ನು ಹವಾಮಾನ ತಜ್ಞ ಗ್ಲೆನ್ ಬ್ರಿಯರ್ 1950ರಲ್ಲೇ ತೋರಿಸಿದ್ದಾರೆ. ಈಗ ಹೆಚ್ಚು ಬಳಕೆಯಲ್ಲಿರುವ ರೂಪ ಸರಳ: ಮಳೆ ಬಂದರೆ 1, ಬರದಿದ್ದರೆ 0 ಎಂದು ಬರೆದುಕೊಂಡು, ಹೇಳಿದ್ದಕ್ಕೂ (ಶೇ 70 ಎಂದರೆ 0.7) ಆದದ್ದಕ್ಕೂ ಇರುವ ಅಂತರವನ್ನು ಅದರಿಂದಲೇ ಗುಣಿಸಿ. ಬಂದದ್ದು ದಂಡ. 0.7 ಎಂದು ಮಳೆ ಬಂದರೆ 0.09, ಬರದಿದ್ದರೆ 0.49. ‘ಗ್ಯಾರಂಟಿ ಬರುತ್ತೆ’ ಎಂದು ಬರದಿದ್ದರೆ ಪೂರ್ತಿ 1. ‘ಏನು ಬೇಕಾದರೂ ಆಗಬಹುದು’ ಎಂದು ಸುಮ್ನೆ 0.5 ಹಾಕುವ ಜಾಣರಿಗೆ ದಿನವೂ 0.25. ಹಲವು ದಿನಗಳ ಸರಾಸರಿ ತೆಗೆದರೆ ಯಾರು ಬಲ್ಲವರು, ಯಾರು ಜೋರು ಬಾಯಿಯವರು ಎಂದು ತಿಳಿಯುತ್ತದೆ.

ಬೆಳಗ್ಗೆ 70 ಎಂದವರು ಮೋಡ ಚದುರಿದ ಮೇಲೆ 40 ಎಂದರೆ ‘ಮಾತು ಬದಲಿಸಿದರು’ ಎಂದು ಆಡಿಕೊಳ್ಳುವವರೂ ಇದ್ದಾರೆ. ಮಳೆ ಬರದಿದ್ದರೆ 40 ಎಂದವರ ದಂಡ 0.16. ಮಾತಿಗೆ ತಪ್ಪದವರ ದಂಡ 0.49.