ಪಯೋಜೆನಿಕ್ ಗ್ರ್ಯಾನುಲೋಮಾ: ಹೆಸರಲ್ಲಿದೆ ಕೀವು, ಗಂಟಲ್ಲಿಲ್ಲ

ಪ್ರಶ್ನೆ: ಬೆರಳಿನ ಮೇಲೆ ಕೆಂಪು ಗಂಟು ಎದ್ದಿತ್ತು, ಮುಟ್ಟಿದರೆ ರಕ್ತ. ತೆಗೆಸಿದೆ. ರಿಪೋರ್ಟಿನಲ್ಲಿ ‘ಪಯೋಜೆನಿಕ್ ಗ್ರ್ಯಾನುಲೋಮಾ’ ಅಂತಿದೆ. ಒಳಗೆ ಕೀವು ಉಳಿದಿರಬಹುದಾ? ಆಂಟಿಬಯೋಟಿಕ್ ಬೇಕಾ?

ಉತ್ತರ: ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಮತ್ತೆ ಹೇಳುತ್ತೇನೆ. ಅದು ಕೀವಿನ ಗಂಟಲ್ಲ. ಕ್ಯಾನ್ಸರೂ ಅಲ್ಲ.

‘ಪಯೋಜೆನಿಕ್’ ಅಂದರೆ ಕೀವು ಹುಟ್ಟಿಸುವಂಥದ್ದು. ಈ ಗಂಟು ಆ ಕೆಲಸ ಮಾಡುವುದಿಲ್ಲ. ‘ಗ್ರ್ಯಾನುಲೋಮಾ’ ಅಂದರೆ ಮ್ಯಾಕ್ರೋಫೇಜ್ ಅನ್ನುವ, ರೋಗಾಣುಗಳನ್ನು ನುಂಗುವ ಕೋಶಗಳು ಒತ್ತಾಗಿ ಸೇರಿದ ಗುಂಪು, ಟಿಬಿಯಲ್ಲಿ ಕಾಣುವಂಥದ್ದು. ಅದೂ ಇಲ್ಲಿಲ್ಲ. 1897ರಲ್ಲಿ ಫ್ರಾನ್ಸಿನ ವೈದ್ಯರಾದ ಪಾನ್ಸೆ ಮತ್ತು ಡೋರ್ ಇದನ್ನು ಸೋಂಕು ಅಂದುಕೊಂಡರು. 1904ರಲ್ಲಿ ಈ ಹೆಸರು ಬಂತು, ಇನ್ನೂ ಬಿಟ್ಟು ಹೋಗಿಲ್ಲ. ಸರಿಯಾದ ಹೆಸರು ಲೋಬ್ಯುಲರ್ ಕ್ಯಾಪಿಲ್ಲರಿ ಹಿಮಾಂಜಿಯೋಮಾ. ಅಂದರೆ ಸಣ್ಣ ರಕ್ತನಾಳಗಳು ಗೊಂಚಲು ಗೊಂಚಲಾಗಿ ಬೆಳೆದದ್ದು.

ಗಂಟಿನ ತೆಳು ಪದರವನ್ನು ಗಾಜಿನ ಸ್ಲೈಡ್ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಇದು ತಾನಾಗಿಯೇ ಗೊತ್ತಾಗುತ್ತದೆ. ಕಡಿಮೆ ಪವರ್‌ನಲ್ಲಿ ಒಡೆದ ದಾಳಿಂಬೆಯ ಹಾಗೆ ಕಾಣುತ್ತದೆ. ಕಾಳಿನ ಗುಂಪುಗಳು, ನಡುವೆ ತೆಳು ನಾರಿನ ಗೋಡೆ. ಎಷ್ಟೋ ಗುಂಪುಗಳ ಮಧ್ಯೆ ಒಂದು ದೊಡ್ಡ ನಾಳ, ಸುತ್ತ ಕೂದಲೆಳೆಯಂಥ ನಾಳಗಳು. ಎರಡೂ ಬದಿಯಲ್ಲಿ ಚರ್ಮ ಒಳಕ್ಕೆ ತಿರುಗಿ ಗಂಟಿನ ಬುಡವನ್ನು ಅಂಗಿಯ ಕಾಲರಿನಂತೆ ಹಿಡಿದಿರುತ್ತದೆ. ನನ್ನ ವಿದ್ಯಾರ್ಥಿಗಳು ಈಗ ಆ ಕಾಲರನ್ನು ಕೇಳದೆಯೇ ತೋರಿಸುತ್ತಾರೆ, ನನಗೆ ಅದೇ ಖುಷಿ.

ಹಾಗಾದರೆ ಕೀವಿನ ಮಾತು ಎಲ್ಲಿಂದ ಬಂತು? ಗಂಟಿನ ನೆತ್ತಿ ಉಜ್ಜಿ ಹುಣ್ಣಾಗಿರುತ್ತದೆ. ಹುಣ್ಣಾದ ಕಡೆ ಕೀವುಕಣಗಳು ಬಂದೇ ಬರುತ್ತವೆ, ಅಲ್ವಾ? ಮೇಲಿನ ಚೂರು ಮಾತ್ರ ನೋಡಿದವರಿಗೆ ಇದು ಮಾಯುತ್ತಿರುವ ಹಸಿಗಾಯದ ಹಾಗೆ ಕಾಣುತ್ತದೆ. ಹಸಿಗಾಯದಲ್ಲಿ ನಾಳಗಳು ಮೇಲ್ಮೈ ಕಡೆಗೆ ನೆಟ್ಟಗೆ ನಿಂತಿರುತ್ತವೆ. ಇಲ್ಲಿ ಸ್ವಲ್ಪ ಕೆಳಗೆ ಹೋದರೆ ಗೊಂಚಲುಗಳೇ. ಆದ್ದರಿಂದ ಈ ಗಂಟಿಗೆ ಆಂಟಿಬಯೋಟಿಕ್ ಬೇಡ. ತೆಗೆದ ಗಾಯಕ್ಕೆ ಡಾಕ್ಟರು ಏನಾದರೂ ಕೊಟ್ಟಿದ್ದರೆ ಅದು ಬೇರೆ ವಿಷಯ. ಮತ್ತೆ ಬೆಳೆದರೆ ಬುಡ ಉಳಿದಿದೆ ಅಂತ, ಕೀವು ಉಳಿದಿದೆ ಅಂತಲ್ಲ.

ನೀವು ಕೇಳಿಲ್ಲ, ಆದರೂ ಹೇಳಬೇಕು. ‘ಚಿಕ್ಕ ಗಂಟು, ಲ್ಯಾಬಿಗೆ ಯಾಕೆ ಸುಮ್ನೆ’ ಅಂತ ಎಸೆಯುವವರಿದ್ದಾರೆ. ದಯವಿಟ್ಟು ಎಸೆಯಬೇಡಿ. ಬಣ್ಣವಿಲ್ಲದ ಮೆಲನೋಮಾ ಅನ್ನುವ ಕ್ಯಾನ್ಸರ್ ಕಣ್ಣಿಗೆ ಥೇಟ್ ಹೀಗೇ ಕಾಣಬಹುದು. ಒಮ್ಮೆ ನನ್ನ ಮೇಜಿಗೆ ಹತ್ತಿಯಲ್ಲಿ ಸುತ್ತಿದ ತುಂಡೊಂದು ಬಂದಿತ್ತು. ಒಣದ್ರಾಕ್ಷಿಯಂತೆ ಸುಕ್ಕಾಗಿತ್ತು, ಕೋಶಗಳ ಗುರುತೇ ಸಿಗಲಿಲ್ಲ. ತೆಗೆದ ತಕ್ಷಣ ತುಂಡು ಫಾರ್ಮಲಿನ್ (ಕೆಡದಂತೆ ಕಾಪಾಡುವ ದ್ರಾವಣ) ಬಾಟಲಿಗೆ ಬೀಳಬೇಕು. ತುಂಡಿನ ಹತ್ತು ಪಟ್ಟು ಫಾರ್ಮಲಿನ್ ಇರಲಿ. ಹೆಸರಿನ ಚೀಟಿಯನ್ನು ಮುಚ್ಚಳಕ್ಕಲ್ಲ, ಬಾಟಲಿಗೇ ಅಂಟಿಸಿ.