ವೈಟ್‌ಟೇಲ್ ಗಂಡು ಜಿಂಕೆಯ ವಾಸನೆ ಗುರುತುಗಳು: ಬೇಟೆ ಕಲಿಯುವವರಿಗೆ ಟಿಪ್ಪಣಿ

ಅಮೆರಿಕದಲ್ಲಿ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ ಮೊದಲ ಸಲ ವೈಟ್‌ಟೇಲ್ (ಬಿಳಿ ಬಾಲದ ಜಿಂಕೆ) ಬೇಟೆಗೆ ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಂದೂಕಿನ ಸುರಕ್ಷತೆ, ಕಾನೂನು ಎಲ್ಲ ಕೋರ್ಸಿನಲ್ಲೇ ಬರುತ್ತದೆ. ಜಿಂಕೆ ಬಿಟ್ಟುಹೋದ ಗುರುತು ಓದುವುದನ್ನು ಮಾತ್ರ ಕಾಡಿನಲ್ಲಿ ಓಡಾಡಿಯೇ ಕಲಿಯಬೇಕು. ಒಂದು ವಿಷಯ ಮೊದಲೇ ತಲೆಯಲ್ಲಿರಲಿ: ಗಂಡು ಇಲ್ಲಿಗೆ ಬಂದಿತ್ತು ಅಂತ ಗುರುತು ಹೇಳುತ್ತದೆ. ನೀವು ಕೂತಿರುವ ಹೊತ್ತಿಗೆ ಬರುತ್ತದೆ ಅಂತ ಹೇಳುವುದಿಲ್ಲ.

ವಾಸನೆ ಬರುವುದು ಎಲ್ಲಿಂದ

ಹಣೆಯಲ್ಲಿ, ಕಣ್ಣಿನ ಮುಂದಿನ ಮೂಲೆಯಲ್ಲಿ, ಗೊರಸಿನ ಸೀಳಿನಲ್ಲಿ, ಹೀಗೆ ಹಲವು ಕಡೆ ಗ್ರಂಥಿಗಳಿವೆ. ಗೊರಸಿನದು ಹೆಜ್ಜೆ ಇಟ್ಟಲ್ಲೆಲ್ಲ ನೆಲಕ್ಕೆ ವಾಸನೆ ಹತ್ತಿಸುತ್ತದೆ.

ನಮಗೆ ಮುಖ್ಯವಾದದ್ದು ಟಾರ್ಸಲ್ ಗ್ರಂಥಿ. ಹಿಂಗಾಲಿನ ನಡುಗೀಲಿನ ಒಳಬದಿಯಲ್ಲಿ ಕೂದಲಿನ ಒಂದು ಗೊಂಚಲು ಕಾಣುತ್ತದಲ್ಲ, ಅದೇ. ಜಿಂಕೆ ಎರಡೂ ಹಿಂಗಾಲನ್ನು ಒತ್ತಟ್ಟಿಗೆ ತಂದು, ಅದರ ಮೇಲೆ ಮೂತ್ರ ಹರಿಸಿ ಉಜ್ಜಿಕೊಳ್ಳುತ್ತದೆ. ಕೂದಲಿನ ಜಿಡ್ಡು, ಮೂತ್ರ, ಬ್ಯಾಕ್ಟೀರಿಯಾ ಸೇರಿ ಒಂದೊಂದು ಜಿಂಕೆಗೂ ಅದರದೇ ವಾಸನೆ ಬರುತ್ತದೆ. ಹೆಣ್ಣು, ಮರಿಗಳೂ ಇದನ್ನು ಮಾಡುತ್ತವೆ. ಬೆದೆಗಾಲದಲ್ಲಿ ಬಲಿತ ಗಂಡು ಪದೇಪದೇ ಮಾಡುವುದರಿಂದ ಅದರ ಗೊಂಚಲು ಕಪ್ಪಾಗಿ ಗಬ್ಬು ನಾರುತ್ತದೆ. ಬೇಟೆಯಾದ ಮೇಲೆ ಈ ಜಾಗ ಮುಟ್ಟಿದ ಕೈಯನ್ನಾಗಲಿ ಚಾಕುವನ್ನಾಗಲಿ ತೊಳೆಯದೆ ಮಾಂಸಕ್ಕೆ ತಾಗಿಸಬೇಡಿ.

ಉಜ್ಜಿದ ಮರ, ಕೆರೆದ ನೆಲ

ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಒಳಗೆ ಕೊಂಬಿನ ಮೇಲಿನ ವೆಲ್ವೆಟ್, ಅಂದರೆ ಬೆಳೆಯುವ ಕೊಂಬನ್ನು ಮುಚ್ಚಿರುವ ಮೆತ್ತನೆಯ ಚರ್ಮ, ಕಳಚುತ್ತದೆ. ಮರಕ್ಕೆ ಉಜ್ಜುವುದು ಅದನ್ನು ತೆಗೆಯಲು ಅಂತ ತುಂಬ ಜನ ತಿಳಿದಿದ್ದಾರೆ. ಆದರೆ ವೆಲ್ವೆಟ್ ಒಂದೆರಡು ದಿನದಲ್ಲೇ ಹೋಗಿಬಿಡುತ್ತದೆ, ಉಜ್ಜುವುದು ತಿಂಗಳುಗಟ್ಟಲೆ ನಡೆಯುತ್ತದೆ. ತೊಗಟೆ ಕಿತ್ತು ಬಂದ ಜಾಗಕ್ಕೆ ಹಣೆಯ ವಾಸನೆ ಅಂಟಿಸುವುದೂ ಇದರಲ್ಲಿ ಸೇರಿದೆ. ಇಂಥ ಮರಕ್ಕೆ ರಬ್ ಅನ್ನುತ್ತಾರೆ. ಸಣ್ಣ ಸಸಿಯನ್ನು ಎಲ್ಲ ವಯಸ್ಸಿನ ಗಂಡೂ ಉಜ್ಜುತ್ತವೆ. ದಪ್ಪ ಮರ ಉಜ್ಜಿದ್ದರೆ ದೊಡ್ಡ ಗಂಡು ಇರುವ ಸಾಧ್ಯತೆ ಜಾಸ್ತಿ.

ಸ್ಕ್ರೇಪ್ ವಿಷಯ ಇನ್ನೂ ಸ್ವಾರಸ್ಯ. ಬಾಗಿದ ಕೊಂಬೆಯ ಕೆಳಗೆ ಎಲೆ ಸರಿಸಿ ಮಣ್ಣು ಕೆರೆದ ಜಾಗ ಅದು. ಹೊಸಬರ ಕಣ್ಣು ಮಣ್ಣಿನ ಮೇಲೇ ಇರುತ್ತದೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಮೇಲಿನ ಕೊಂಬೆಯನ್ನು. ಗಂಡು ಅದನ್ನು ನೆಕ್ಕಿ, ಕಚ್ಚಿ, ಹಣೆ ಮತ್ತು ಕಣ್ಣಿನ ಮೂಲೆ ತಿಕ್ಕಿ, ಆಮೇಲೆ ನೆಲ ಕೆರೆದು ಮೂತ್ರ ಮಾಡುತ್ತದೆ. ನೆಲ ಕೆರೆಯುವುದು ಹೆಚ್ಚಾಗಿ ಬೆದೆಗಾಲದ ಆಸುಪಾಸಿನಲ್ಲಿ, ಕೊಂಬೆಯನ್ನು ಮೂಸುವುದು ವರ್ಷವಿಡೀ. (ನಾಗರಹೊಳೆ, ಬಂಡೀಪುರದ ಚುಕ್ಕೆ ಜಿಂಕೆಯ ಗಂಡು ಹಿಂಗಾಲ ಮೇಲೆ ನಿಂತು ಕೊಂಬೆಗೆ ಮುಖ ತಾಗಿಸುವುದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಬೇಟೆ ಅಪರಾಧ, ನೋಡಿ ಖುಷಿಪಡಬೇಕು ಅಷ್ಟೇ.)

ಒಂದು ಸ್ಕ್ರೇಪ್ ಒಂದೇ ಗಂಡಿನ ಆಸ್ತಿಯಲ್ಲ. ಹಲವು ಗಂಡುಗಳು ಬಂದು ಮೂಸಿ, ತಮ್ಮ ವಾಸನೆಯನ್ನೂ ಸೇರಿಸಿ ಹೋಗುತ್ತವೆ. ಅದೂ ಹೆಚ್ಚಾಗಿ ರಾತ್ರಿ ಹೊತ್ತು. ಹಾಗಾಗಿ ದೊಡ್ಡ ಸ್ಕ್ರೇಪ್ ಸಿಕ್ಕಿತು ಅಂತ ಅದರ ಪಕ್ಕದಲ್ಲೇ ಅಟ್ಟಣೆ ಕಟ್ಟಿದರೆ ಹಗಲೆಲ್ಲ ಸುಮ್ನೆ ಕಾಯಬೇಕಾಗಬಹುದು. ಗಂಡು ಹಗಲು ಮಲಗುವ ದಟ್ಟ ಪೊದೆಗೂ ಸ್ಕ್ರೇಪ್‌ಗೂ ನಡುವಿನ ದಾರಿ ಹುಡುಕಿ ಕೂರುವುದು ವಾಸಿ.

ಯಾವಾಗ

ಬೆದೆಗಾಲವನ್ನು ಮುಖ್ಯವಾಗಿ ನಿರ್ಧರಿಸುವುದು ಹಗಲಿನ ಉದ್ದ, ಚಳಿಯಲ್ಲ. ಉತ್ತರದ ಮಿಷಿಗನ್, ವಿಸ್ಕಾನ್ಸಿನ್ ರಾಜ್ಯಗಳ ಕಡೆ ನವೆಂಬರ್ ಮಧ್ಯಕ್ಕೆ ಅದು ತಾರಕಕ್ಕೇರುತ್ತದೆ. ದಕ್ಷಿಣದ ಅಲಬಾಮಾದ ಬಹಳ ಕಡೆ ಜನವರಿಗೆ ಹೋಗುತ್ತದೆ. ಉತ್ತರದಲ್ಲಿ ಸ್ಕ್ರೇಪ್ ಭರಾಟೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರದಲ್ಲಿ. ಮಿಷಿಗನ್‌ನಲ್ಲಿ ಬಂದೂಕಿನ ಸೀಸನ್ ಶುರುವಾಗುವುದು ನವೆಂಬರ್ 15ಕ್ಕೆ. ಅಷ್ಟರಲ್ಲಿ ಗಂಡು ಸ್ಕ್ರೇಪ್ ಬಿಟ್ಟು ಹೆಣ್ಣಿನ ಹಿಂದೆ ಬಿದ್ದಿರುತ್ತದೆ. ಹೆಣ್ಣು ಬೆದೆಯಲ್ಲಿರುವುದು ಸುಮಾರು 24ರಿಂದ 48 ಗಂಟೆ. ಅದರ ಮೂತ್ರ ಮೂಸಿ ಗಂಡು ಮೇಲ್ತುಟಿ ಮಡಚಿ ನಿಲ್ಲುತ್ತದೆ. ಬಾಯಿಯ ಮೇಲ್ಭಾಗದಲ್ಲಿರುವ ವಿಶೇಷ ಅಂಗಕ್ಕೆ ವಾಸನೆ ತಲುಪಿಸುವ ರೀತಿ ಅದು. ಈ ದಿನಗಳಲ್ಲಿ ಹಳೆಯ ಸ್ಕ್ರೇಪ್ ಕಾಯುವುದಕ್ಕಿಂತ ಹೆಣ್ಣುಗಳು ಮೇಯುವ ಜಾಗ ಗೊತ್ತಿದ್ದರೆ ಲಾಭ.

ಗಾಳಿ

ನಮ್ಮ ವಾಸನೆ ಅದರ ಮೂಗಿಗೆ ಬಡಿದರೆ ಆಟ ಮುಗಿಯಿತು. ಗಂಡು ಎಷ್ಟೋ ಸಲ ಸ್ಕ್ರೇಪ್ ತನಕ ಬರುವುದೇ ಇಲ್ಲ. ಗಾಳಿ ಆ ಕಡೆಯಿಂದ ಹೊತ್ತು ತರುವ ವಾಸನೆಯನ್ನು ದೂರದಲ್ಲೇ ನಿಂತು ಓದಿ ಹೋಗುತ್ತದೆ. ನೀವು ಗಂಡು ಹಾಗೆ ನಿಲ್ಲುವ ಜಾಗಕ್ಕೂ ಆಚೆ, ನಿಮ್ಮ ಮೇಲಿಂದ ಬೀಸುವ ಗಾಳಿ ಅದರ ದಾರಿ ಮುಟ್ಟದ ಕಡೆ ಇರಬೇಕು. ಗುಡ್ಡವಿದ್ದರೆ ಇನ್ನೊಂದು ಲೆಕ್ಕ: ಬಿಸಿಲೇರಿದಂತೆ ಇಳಿಜಾರಿನ ಗಾಳಿ ಮೇಲೇರುತ್ತದೆ, ಸಂಜೆ ತಣ್ಣಗಾದಂತೆ ಕಣಿವೆಗೆ ಇಳಿಯುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಅಟ್ಟಣೆ ಸಂಜೆಗೆ ಕೆಡಬಹುದು. ಸ್ಕ್ರೇಪ್‌ನ ಕೊಂಬೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಕೊನೆಗೆ, ಗಂಡನ್ನು ಸೆಳೆಯಲು ಅಂಗಡಿಯಲ್ಲಿ ಮಾರುವ ಬಾಟಲಿಯ ಜಿಂಕೆ ಮೂತ್ರ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನುವ ಜಿಂಕೆಗಳ ಗುಣವಾಗದ ಮಿದುಳಿನ ರೋಗ 1967ರಲ್ಲಿ ಕೊಲೊರಾಡೋದಲ್ಲಿ ಮೊದಲು ಕಂಡಿತು, 2002ರಲ್ಲಿ ವಿಸ್ಕಾನ್ಸಿನ್‌ನ ಕಾಡು ಜಿಂಕೆಗಳಲ್ಲೂ ಸಿಕ್ಕಿತು. ರೋಗ ತರುವ ಪ್ರಿಯಾನ್‌ಗಳು (ರೂಪ ಕೆಟ್ಟ ಪ್ರೋಟೀನ್‌ಗಳು) ಜೊಲ್ಲು, ಮೂತ್ರದಲ್ಲಿ ಹೊರಬಂದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಅದಕ್ಕೇ ಹಲವು ರಾಜ್ಯಗಳು ಅಸಲಿ ಮೂತ್ರ ಬಳಸುವುದನ್ನು ನಿಷೇಧಿಸಿವೆ ಅಥವಾ ನಿರ್ಬಂಧಿಸಿವೆ. ಕೊಳ್ಳುವ ಮೊದಲು ನಿಮ್ಮ ರಾಜ್ಯದ ಆ ವರ್ಷದ ನಿಯಮ ಓದಿ. ನಿಯಮ ಒಪ್ಪಿದರೂ ನಾನು ಕೃತಕವಾದದ್ದನ್ನೇ ಬಳಸಿ ಅನ್ನುತ್ತೇನೆ.