ಬಿಲ್ಲು ಕೈಗೆ ಬಂದ ಮೇಲೆ

ನನ್ನ ಹತ್ತಿರ ಒಂದು ಬಿದಿರಿನ ಬಿಲ್ಲಿದೆ. ಎರಡೂವರೆ ಅಡಿ ಉದ್ದ, ಸೆಣಬಿನ ಹುರಿಯ ಹೆದೆ. ಹಿಡಿಯುವ ಜಾಗಕ್ಕೆ ಹಳೇ ಸೀರೆಯ ಅಂಚು ಸುತ್ತಿದ್ದೇನೆ. ಮಕ್ಕಳ ಕೈಬೆವರಿಗೆ ಅದು ಕಪ್ಪಾಗಿ ಹೋಗಿದೆ. ಹೈಸ್ಕೂಲುಗಳಲ್ಲಿ ನಾಟಕ ಕಲಿಸುವುದು ನನ್ನ ಕೆಲಸ. ಮೌಲ್ಯ ಶಿಕ್ಷಣದ ಪಿರಿಯಡ್ಡಿಗೆ ಅಂತ ಕರೆಯುವ ಶಾಲೆಗಳೇ ಜಾಸ್ತಿ. "ಒಳ್ಳೇದು ಕೆಟ್ಟದ್ದು ಹೇಳಿಕೊಡಿ, ಹಾಗೇ ಸ್ವಲ್ಪ ಧೈರ್ಯಾನೂ ತುಂಬಿ" ಅನ್ನುತ್ತಾರೆ. ನಾನು ಈ ಬಿಲ್ಲು ಹಿಡಿದು ಹೋಗುತ್ತೇನೆ.

ಇದು ಫಿಲೊಕ್ಟೆಟಿಸ್ ಎಂಬ ಗ್ರೀಕ್ ಯೋಧನ ಬಿಲ್ಲು. ಟ್ರಾಯ್ ನಗರದ ಮೇಲಿನ ಯುದ್ಧಕ್ಕೆ ಹೋಗುವ ದಾರಿಯಲ್ಲಿ ಅವನ ಕಾಲಿಗೆ ಹಾವು ಕಚ್ಚುತ್ತದೆ. ಗಾಯ ಮಾಯುವುದಿಲ್ಲ. ಕೀವು ಸುರಿಯುತ್ತದೆ, ನಾತ ಹೊಡೆಯುತ್ತದೆ. ಇವನ ಚೀರಾಟದಲ್ಲಿ ನೆಟ್ಟಗೆ ಪೂಜೆ ಮಾಡಲೂ ಆಗುತ್ತಿಲ್ಲ ಎಂದು ಜೊತೆಯವರು, ಅವನು ನಿದ್ದೆಯಲ್ಲಿದ್ದಾಗ, ಲೆಮ್ನೊಸ್ ದ್ವೀಪದಲ್ಲಿ ಬಿಟ್ಟು ಹೊರಟುಬಿಡುತ್ತಾರೆ. ಆ ಕೆಲಸ ಮಾಡಿದವನು ಒಡಿಸಿಯಸ್ ಎಂಬ ಸೇನಾನಿ. ಫಿಲೊಕ್ಟೆಟಿಸ್ ಪಾಲಿಗೆ ಉಳಿಯುವುದು ಒಂದಿಷ್ಟು ಚಿಂದಿ ಬಟ್ಟೆ, ಮಹಾವೀರ ಹೆರಾಕ್ಲಿಸ್ ಕೊಟ್ಟ ಗುರಿ ತಪ್ಪದ ಬಿಲ್ಲು. ಹತ್ತನೇ ವರ್ಷ ಒಂದು ಭವಿಷ್ಯವಾಣಿ ಬರುತ್ತದೆ. ಆ ಮನುಷ್ಯ, ಆ ಬಿಲ್ಲು ಇಲ್ಲದೆ ಟ್ರಾಯ್ ಬೀಳುವುದಿಲ್ಲ. ಒಡಿಸಿಯಸ್ ಮತ್ತೆ ದ್ವೀಪಕ್ಕೆ ಬರುತ್ತಾನೆ. ಈ ಸಲ ಜೊತೆಗೊಬ್ಬ ಹುಡುಗನಿದ್ದಾನೆ, ಸತ್ತ ವೀರ ಅಕಿಲೀಸನ ಮಗ ನಿಯೊಪ್ಟೊಲೆಮಸ್. ಸುಳ್ಳು ಹೇಳಿ, ನಂಬಿಸಿ, ಬಿಲ್ಲು ತರುವ ಕೆಲಸ ಆ ಹುಡುಗನದು.

ಹೆಸರುಗಳು ಮಕ್ಕಳ ಬಾಯಲ್ಲಿ ಹೊರಳುವುದಿಲ್ಲ. ಹತ್ತು ನಿಮಿಷದಲ್ಲಿ ಅವರು ಫಿಲಣ್ಣ, ನಿಯೋ ಆಗಿಬಿಡುತ್ತಾರೆ. ನಾನು ತಿದ್ದುವುದಿಲ್ಲ.

ನಮ್ಮ ಪುರಾಣ ಬಿಟ್ಟು ಗ್ರೀಕರ ಕಥೆ ಯಾಕೆ ಎಂದು ತುಂಬಾ ಜನ ಕೇಳುತ್ತಾರೆ. ಬಿ.ಎಂ.ಶ್ರೀ ಅವರು ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ 'ಅಯಾಸ್' ನಾಟಕವನ್ನು 1929ರಲ್ಲಿ 'ಅಶ್ವತ್ಥಾಮನ್' ಎಂದು ಮಹಾಭಾರತಕ್ಕೇ ತಂದು ಕೂರಿಸಿದರು. ಅದು ದೊಡ್ಡ ಕೆಲಸ. ತರಗತಿಯಲ್ಲಿ ನನಗೆ ಬೇಕಾದದ್ದು ಬೇರೆ. ಏಕಲವ್ಯನ ಹೆಸರೆತ್ತಿದ ಕೂಡಲೇ ಮಕ್ಕಳಿಗೆ 'ಸರಿ ಉತ್ತರ' ಗೊತ್ತು. ಕರ್ಣ ಅಂದರೆ ಅರ್ಧ ತರಗತಿ ಆಗಲೇ ಅವನ ಪಕ್ಷ. ಫಿಲೊಕ್ಟೆಟಿಸ್ ಯಾರ ಮನೆಯ ಕ್ಯಾಲೆಂಡರಿನಲ್ಲೂ ಇಲ್ಲ. ಅವನ ವಿಷಯದಲ್ಲಿ ಯಾರೂ ಮುಂಚೆಯೇ ತೀರ್ಮಾನ ಮಾಡಿಕೊಂಡು ಬಂದಿರುವುದಿಲ್ಲ. ಕೂತು ಯೋಚನೆ ಮಾಡಲೇಬೇಕಾಗುತ್ತದೆ.

ಫಿಲೊಕ್ಟೆಟಿಸ್ ಕಥೆಯನ್ನು ನಾಟಕ ಮಾಡಿದವನೂ ಅದೇ ಸೊಫೊಕ್ಲಿಸ್; ಅದನ್ನು ಆಡಿಸಿದ್ದು ಕ್ರಿ.ಪೂ. 409ರಲ್ಲಿ. ಆಗ ಅವನಿಗೆ ಸುಮಾರು 87 ವರ್ಷ. ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ಇದೇ ಕಥೆಯನ್ನು ಅವನಿಗಿಂತ ಮೊದಲು ಈಸ್ಕಿಲಸ್, ಯೂರಿಪಿಡಿಸ್ ಇಬ್ಬರೂ ನಾಟಕ ಮಾಡಿದ್ದರು. ಅವರ ಲೆಮ್ನೊಸ್‌ನಲ್ಲಿ ಜನ ಇದ್ದರು. ಸೊಫೊಕ್ಲಿಸ್ ದ್ವೀಪವನ್ನು ಖಾಲಿ ಮಾಡಿದ. ಆ ಇಬ್ಬರ ನಾಟಕದಲ್ಲಿ ಇಲ್ಲದ ನಿಯೊಪ್ಟೊಲೆಮಸ್‌ನನ್ನು ಒಡಿಸಿಯಸ್ ಜೊತೆ ಕಳಿಸಿದ. ಒಂಟಿ ರೋಗಿಯ ಎದುರು, ಇನ್ನೂ ಮೀಸೆ ಬಲಿಯದ ಒಬ್ಬ ಹುಡುಗ.

ಆ ಹುಡುಗ ಯಾಕೆ ಅಂತ ನಾನು ತುಂಬಾ ಯೋಚಿಸಿದ್ದೇನೆ. ಅಥೆನ್ಸ್ ಸ್ಪಾರ್ಟಾದ ಮೇಲೆ ಯುದ್ಧಕ್ಕೆ ಇಳಿದು ಆಗ 22 ವರ್ಷ ಆಗಿತ್ತು. ಯುದ್ಧದಲ್ಲಿ ಸತ್ತವರ ಗಂಡುಮಕ್ಕಳನ್ನು ನಗರವೇ ಸಾಕುತ್ತಿತ್ತು. ಅವರು ದೊಡ್ಡವರಾದಾಗ ಡಯೊನೈಸಸ್ ದೇವರ ಹಬ್ಬದಲ್ಲಿ, ನಾಟಕಗಳು ಶುರುವಾಗುವ ಮೊದಲು, ಕವಚ ತೊಡಿಸಿ ರಂಗಸ್ಥಳದಲ್ಲಿ ಎಲ್ಲರ ಮುಂದೆ ನಡೆಸುವ ಪದ್ಧತಿ ಅಲ್ಲಿತ್ತು. ಅಂಥ ಹುಡುಗರನ್ನು ಕಣ್ಣಾರೆ ಕಂಡ ಜನ, ಅಪ್ಪನಿಲ್ಲದ ಒಬ್ಬ ಹುಡುಗನ ಮುಂದೆ ಹಿರಿಯ ಸೇನಾನಿ ನಿಂತು "ಸುಳ್ಳು ಹೇಳು" ಅನ್ನುವುದನ್ನು ನೋಡಿದರು. ಅವರ ಹೊಟ್ಟೆಯಲ್ಲಿ ಏನಾಗಿರಬೇಕು!

ಒಡಿಸಿಯಸ್ ಹೇಳುವ ಮಾತು ಹೀಗಿದೆ: ಒಂದು ದಿನದಲ್ಲಿ ಒಂದು ಚೂರು ಹೊತ್ತು ನಾಚಿಕೆ ಬಿಟ್ಟು ನನ್ನ ಮಾತು ಕೇಳು, ಆಮೇಲೆ ಬದುಕಿಡೀ ಎಲ್ಲರಿಗಿಂತ ಒಳ್ಳೆಯವನು ಅನ್ನಿಸಿಕೋ. ಇದನ್ನು ಓದಿದಾಗ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ತಕ್ಷಣ ಅಂದ, "ಮಿಸ್, 'ಇದೊಂದ್ಸಲ ಅಷ್ಟೇ' ಅಂತಾರಲ್ಲ, ಅದೇ ತಾನೇ ಇದು?" ಅದೇ.

ತರಗತಿಯಲ್ಲಿ ಮೊದಲು ಗಾಯದಿಂದ ಶುರು ಮಾಡುತ್ತೇನೆ. ಮೂಲೆಯಲ್ಲಿ ಒಂದು ಗೋಣಿಚೀಲ ಹಾಸಿ ಫಿಲಣ್ಣನನ್ನು ಕೂರಿಸುತ್ತೇನೆ. ಉಳಿದವರು ಹಡಗಿನವರು. ನೋವು ಬಂದಾಗ ಅವನು ಕೂಗುವ ಕೂಗನ್ನು ಸೊಫೊಕ್ಲಿಸ್ ಅಕ್ಷರಕ್ಕೆ ಇಳಿಸಿದ್ದಾನೆ. ಪಪಾಯ್, ಅಪಪ್ಪಪಾಯ್ ಅಂತ ಸಾಲಿಗೆ ಸಾಲೇ ಬರೀ ಕೂಗು. ನಮ್ಮ 'ಅಪ್ಪಪ್ಪಪ್ಪಾ' ಇದ್ದ ಹಾಗೇ ಕೇಳುತ್ತದೆ. ಅವನು ಕೂಗುತ್ತಲೇ ಇರಬೇಕು, ಉಳಿದವರು ಊಟ ಮಾಡಬೇಕು, ಮಲಗಬೇಕು, ದೇವರಿಗೆ ಕೈಮುಗಿಯಬೇಕು. ಮೂರು ನಿಮಿಷ. ಶುರುವಿನಲ್ಲಿ ನಗು ಬರುತ್ತದೆ. ಎರಡನೇ ನಿಮಿಷಕ್ಕೆ ಕೆಲವರು ಕಿವಿ ಮುಚ್ಚುತ್ತಾರೆ. "ಸಾಕು ಸುಮ್ನಿರೋ" ಎಂದು ಯಾರೋ ರೇಗುತ್ತಾರೆ. ಆಗ ನಿಲ್ಲಿಸಿ ಕೇಳುತ್ತೇನೆ, ನೀವು ಇವನನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಿದ್ದಿರಿ?

ಒಂದು ಸಲ ಒಬ್ಬ ಹುಡುಗಿ ತುಂಬಾ ಹೊತ್ತು ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಹೇಳಿದಳು. "ನಮ್ಮಜ್ಜಿ ಬೆನ್ನಲ್ಲಿ ಹುಣ್ಣಾಗಿದೆ ಮಿಸ್. ನೆಂಟರು ಬಂದಾಗ ನಾವೂ ಆ ರೂಮಿನ ಬಾಗಿಲು ಹಾಕ್ತೀವಿ."

ಆ ಮಾತಿಗೆ ನಾನು ಏನೂ ಸೇರಿಸಲಿಲ್ಲ. ಭೇಷ್ ಅನ್ನಲಿಲ್ಲ, ತಪ್ಪು ಅಂತಲೂ ಅನ್ನಲಿಲ್ಲ. ಒಂದು ತಟ್ಟೆ, ಒಂದು ಲೋಟ ತೆಗೆದುಕೊಂಡು ಗೋಣಿಚೀಲದ ಹತ್ತಿರ ಹೋಗುವಂತೆ ಅವಳಿಗೆ ಹೇಳಿದೆ. ಹೋದಳು, ಕೂತಳು. ಇಡೀ ತರಗತಿ ನೋಡುತ್ತಿತ್ತು.

ಮೊದಮೊದಲು ನನಗೆ ಇಷ್ಟು ತಾಳ್ಮೆ ಇರಲಿಲ್ಲ. ಫಿಲೊಕ್ಟೆಟಿಸ್ ನೋವು ಉಕ್ಕಿ ಬಂದಾಗ ತನ್ನ ಬಿಲ್ಲನ್ನು ನಂಬಿಕೆಯಿಂದ ಹುಡುಗನ ಕೈಗೆ ಕೊಡುತ್ತಾನೆ, ಆಮೇಲೆ ನಿದ್ದೆ ಹೋಗುತ್ತಾನೆ. ನಾಟಕದಲ್ಲಿ ಹುಡುಗ ಕೊನೆಗೆ ಅದನ್ನು ವಾಪಸ್ ಕೊಡುತ್ತಾನೆ. ಒಂದು ಶಾಲೆಯಲ್ಲಿ ನಿಯೋ ಪಾತ್ರದ ಹುಡುಗ ಬಿಲ್ಲು ವಾಪಸ್ ಕೊಡಲ್ಲ ಅಂದುಬಿಟ್ಟ. ಯುದ್ಧ ಮುಗಿದರೆ ಸಾವಿರಾರು ಜನ ಬದುಕುತ್ತಾರೆ, ಒಬ್ಬನಿಗೋಸ್ಕರ ಅದನ್ನು ಬಿಡೋದಾ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ನಾನೋ, ಪ್ರಾಮಾಣಿಕತೆ ಅಂದರೆ ಏನು ಅಂತ ಕಾಲು ಗಂಟೆ ಪಾಠ ಮಾಡಿದೆ. ಅವನು ತಲೆ ತಗ್ಗಿಸಿ ಕೊಟ್ಟ. ತರಗತಿ ಅಲ್ಲಿಗೆ ಸತ್ತು ಹೋಯಿತು. ಆ ಮಗು ಕೊಟ್ಟದ್ದು ನನ್ನ ಹೆದರಿಕೆಗೆ.

ಈಗ ಆ ಜಾಗದಲ್ಲಿ ನಾಟಕ ನಿಲ್ಲಿಸಿಬಿಡುತ್ತೇನೆ. ನಿಲ್ಲಿಸುವುದನ್ನು ಕಲಿಸಿದ್ದು ಸೊಫೊಕ್ಲಿಸ್‌ನೇ. ಬಿಲ್ಲು ಕೈಗೆ ಬಂದ ಮೇಲೆ ನಿಯೊಪ್ಟೊಲೆಮಸ್ ಮತ್ತೆ ಮತ್ತೆ ಕೇಳುವುದು ಒಂದೇ ಮಾತು: ಅಯ್ಯೋ, ನಾನೇನು ಮಾಡಲಿ? ಗೆದ್ದವನು ಹೀಗೆ ಕೇಳುತ್ತಾನೆ. ನಾನು ಬಿಲ್ಲನ್ನು ಕೈಯಿಂದ ಕೈಗೆ ದಾಟಿಸುತ್ತೇನೆ. ಒಬ್ಬೊಬ್ಬರೂ ಹಿಡಿದು, ಮಲಗಿರುವ ಫಿಲಣ್ಣನ ಮುಖ ನೋಡಿ, ಅದೇ ಸಾಲು ಹೇಳಬೇಕು. ನಲವತ್ತು ಮಕ್ಕಳು, ನಲವತ್ತು ಸಲ. ಇಪ್ಪತ್ತು ನಿಮಿಷ ಹೋಗುತ್ತದೆ, ಹೋಗಲಿ. ಅಷ್ಟು ಹೊತ್ತಿಗೆ ಅದು ನಾಟಕದ ಸಾಲಾಗಿ ಉಳಿದಿರುವುದಿಲ್ಲ.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ಈ ಹುಡುಗನನ್ನು ಎರಡು ಸಲ ನೆನೆಯುತ್ತಾನೆ. ಮನುಷ್ಯ ತಾನು ಒಪ್ಪಿಕೊಂಡ ನಿರ್ಧಾರಕ್ಕೆ ಗಟ್ಟಿಯಾಗಿ ನಿಲ್ಲಬೇಕು, ಸರಿ. ಆದರೆ ನಿಯೊಪ್ಟೊಲೆಮಸ್ ನಿಲ್ಲದೆ ಹೋದದ್ದೇ ಮೆಚ್ಚುವಂಥದ್ದು, ಸುಳ್ಳು ಹೇಳುವುದು ಅವನಿಗೆ ನೋವು ಕೊಡುತ್ತಿತ್ತು ಅನ್ನುತ್ತಾನೆ. ನನಗೆ ಇಲ್ಲಿ ಇಷ್ಟವಾಗುವುದು ನೋವು ಅನ್ನುವ ಮಾತು. ನೋವಿನಿಂದಲೂ ಸರಿ ತಪ್ಪು ತಿಳಿಯುತ್ತದೆ.

ಇನ್ನೊಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಒಡಿಸಿಯಸ್‌ನನ್ನು ಯಾರು ಜಾಸ್ತಿ ಬೈಯುತ್ತಾರೋ ಆ ಮಗುವಿಗೇ ಒಡಿಸಿಯಸ್ ಪಾತ್ರ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಕೈದಿಗಳು ಸೊಫೊಕ್ಲಿಸ್‌ನ 'ಆಂಟಿಗನಿ' ಆಡಿದಾಗ ನೆಲ್ಸನ್ ಮಂಡೇಲಾ ಹಾಕಿದ್ದು ಕ್ರಿಯೋನ್ ರಾಜನ ವೇಷ. ಅನ್ಯಾಯದ ಆಜ್ಞೆ ಹೊರಡಿಸುವವನ ಪಾತ್ರ ಅದು. ಎದುರಿನವನ ಬಾಯಿಂದ ಮಾತಾಡಿದಾಗಲೇ ಅವನ ವಾದದ ತೂಕ ಗೊತ್ತಾಗುವುದು. ಒಡಿಸಿಯಸ್‌ಗೂ ಒಂದು ನ್ಯಾಯ ಇದೆ. ಹತ್ತು ವರ್ಷದ ಯುದ್ಧ ಮುಗಿಸಬೇಕು, ಊರಿಗೆ ಹೋಗಬೇಕು.

ಮಾತುಕತೆಗೆ ಅರ್ಧ ಸಮಯ ಬಿಡುವುದನ್ನು ಮಾತ್ರ ಬೇರೆಯವರಿಂದ ಕಲಿತೆ. ಅಮೆರಿಕದ ರಂಗಕರ್ಮಿ ಬ್ರಯಾನ್ ಡೋರಿಸ್ 2008ರಿಂದ 'ಅಯಾಸ್' ಮತ್ತು ಇದೇ 'ಫಿಲೊಕ್ಟೆಟಿಸ್' ನಾಟಕದ ಭಾಗಗಳನ್ನು ಸೈನಿಕರ, ಅವರ ಮನೆಯವರ ಮುಂದೆ ಓದಿಸುತ್ತಾ ಬಂದಿದ್ದಾರೆ. ಓದಿ ಮುಗಿದ ಮೇಲೆ ಕೂತವರೇ ಮಾತಾಡುತ್ತಾರೆ.

ಧೈರ್ಯ ತುಂಬಿ ಅನ್ನುತ್ತಾರಲ್ಲ, ಅದಕ್ಕೆ ಮೊದಲು ಭರವಸೆ ಬೇಕು. ಗ್ರೀಕರ ಕಥೆ, ಭರವಸೆ ಅಂದ ಕೂಡಲೇ ಪಂಡೋರಾ ಎಂಬ ಹೆಂಗಸು ತೆರೆದ, ಲೋಕದ ಕಷ್ಟಗಳೆಲ್ಲ ತುಂಬಿದ್ದ ಪೆಟ್ಟಿಗೆ ನೆನಪಾಗುತ್ತದೆ. ಹೆಸಿಯಡ್ ಕವಿ ಹೇಳಿದ್ದು ಪೆಟ್ಟಿಗೆ ಅಲ್ಲ, ಕಾಳು ಎಣ್ಣೆ ತುಂಬಿಡುವ ಮಣ್ಣಿನ ಗುಡಾಣ. 16ನೇ ಶತಮಾನದಲ್ಲಿ ಎರಾಸ್ಮಸ್ ಎಂಬ ವಿದ್ವಾಂಸ ಲ್ಯಾಟಿನ್ನಿನಲ್ಲಿ ಬರೆಯುವಾಗ ಅದು ಪೆಟ್ಟಿಗೆಯಾಯಿತು. ಕಷ್ಟಗಳೆಲ್ಲ ಹೊರಗೆ ಹಾರಿಹೋಗಿ ಗುಡಾಣದ ಅಂಚಿನ ಕೆಳಗೆ ಒಂದೇ ಉಳಿಯುತ್ತದೆ, ಎಲ್ಪಿಸ್. ಆ ಮಾತಿಗೆ ಭರವಸೆ ಅಂತಲೂ ಅರ್ಥ, ಬರೀ ನಿರೀಕ್ಷೆ ಅಂತಲೂ ಅರ್ಥ. ಅದು ನಮಗೋಸ್ಕರ ಉಳಿಯಿತಾ, ನಮಗೆ ಸಿಗದ ಹಾಗೆ ಒಳಗೇ ಸಿಕ್ಕಿಕೊಂಡಿತಾ? ಹೆಸಿಯಡ್ ಬಿಡಿಸಿ ಹೇಳುವುದಿಲ್ಲ.

ನಮ್ಮ 'ಭರವಸೆ' ಅನ್ನುವ ಪದ ಇದಕ್ಕಿಂತ ನನಗೆ ಹತ್ತಿರ. ಭರವಸೆ ಇಟ್ಟುಕೊಳ್ಳುತ್ತೇವೆ, ಭರವಸೆ ಕೊಡುತ್ತೇವೆ ಕೂಡ. ಒಬ್ಬರು ಕೊಟ್ಟರೆ ಇನ್ನೊಬ್ಬರಿಗೆ ಇರುತ್ತದೆ. ಲೆಮ್ನೊಸ್‌ನಲ್ಲಿ ಫಿಲೊಕ್ಟೆಟಿಸ್ ಕಲ್ಲಿಗೆ ಕಲ್ಲು ಉಜ್ಜಿ ಬೆಂಕಿ ಮಾಡಿಕೊಂಡ. ಕಾಲೆಳೆದುಕೊಂಡು ನೀರು ತಂದ. ಎಂದಾದರೂ ಒಂದು ಹಡಗು ದಾರಿ ತಪ್ಪಿ ಬಂದರೆ, ಅದರವರು ಅಯ್ಯೋ ಪಾಪ ಅಂದು ಒಂದಿಷ್ಟು ಊಟ, ಬಟ್ಟೆ ಕೊಟ್ಟರು. ಊರಿಗೆ ಕರೆದುಕೊಂಡು ಹೋಗು ಅಂದಾಗ ಮಾತ್ರ ಯಾರೂ ಒಪ್ಪಲಿಲ್ಲ. ನಿಯೊಪ್ಟೊಲೆಮಸ್ ಬಾಯಿ ತೆರೆದು ಗ್ರೀಕ್ ಮಾತಾಡಿದಾಗ ಅವನು ಕರಗಿ ಹೋಗುತ್ತಾನೆ. ಎಷ್ಟು ಇಷ್ಟದ ದನಿ ಇದು ಅನ್ನುತ್ತಾನೆ. ದೂರದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕನ್ನಡ ಕಿವಿಗೆ ಬಿದ್ದವರಿಗೆ ಇದು ಗೊತ್ತು.

ಆ ಹುಡುಗ ಹೇಳುವ ಸುಳ್ಳು ಯಾವುದು ಗೊತ್ತಾ? ನಿನ್ನನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ. ಕೊನೆಗೆ ಬಿಲ್ಲು ವಾಪಸ್ ಕೊಟ್ಟು, ಟ್ರಾಯ್‌ಗೆ ಬಾ ಅಂತ ಬೇಡಿಕೊಂಡು, ಅವನು ಒಪ್ಪದೇ ಇದ್ದಾಗ, ಹುಡುಗ ಅದೇ ಮಾತನ್ನು ಮತ್ತೆ ಹೇಳುತ್ತಾನೆ. ಸರಿ, ಮನೆಗೆ ಹೋಗೋಣ ನಡಿ. ಈ ಸಲ ಅದು ನಿಜ. ಗೆಲುವು, ಹೆಸರು, ಎಲ್ಲ ಬಿಟ್ಟು ಹೊರಟಿದ್ದಾನೆ. ಇಬ್ಬರೂ ಹೆಜ್ಜೆ ಹಾಕುತ್ತಾರೆ. ಹೆರಾಕ್ಲಿಸ್ ದೇವರಾಗಿ ಮೇಲೆ ಕಾಣಿಸಿಕೊಳ್ಳುವುದು ಆಮೇಲೆ. ಟ್ರಾಯ್‌ಗೆ ಹೋಗು, ನಿನ್ನ ಗಾಯ ವಾಸಿಯಾಗುತ್ತದೆ ಅನ್ನುತ್ತಾನೆ. ದೇವರು ಬಂದು ಮುಗಿಸಿಬಿಟ್ಟ ಅಂತ ಮಕ್ಕಳು ಗೊಣಗುತ್ತಾರೆ. ನಾನು ಅವರಿಗೆ ಕ್ರಮ ಗಮನಿಸಲು ಹೇಳುತ್ತೇನೆ. ಹುಡುಗ ಮಾತು ಉಳಿಸಿಕೊಂಡ ಮೇಲೆ ದೇವರು ಬಂದ.

ಹೊರಡುವ ಮೊದಲು ಫಿಲೊಕ್ಟೆಟಿಸ್ ದ್ವೀಪಕ್ಕೆ ವಿದಾಯ ಹೇಳುತ್ತಾನೆ. ತನ್ನನ್ನು ಕಾಪಾಡಿದ ಗುಹೆಗೆ, ನೀರು ಕೊಟ್ಟ ಚಿಲುಮೆಗಳಿಗೆ, ಸಮುದ್ರದ ಮೊರೆತಕ್ಕೆ ಒಂದೊಂದಾಗಿ. ಹೋದ ವರ್ಷ ಈ ಜಾಗದಲ್ಲಿ ತರಗತಿ ಜಗಳಕ್ಕೆ ಬಿತ್ತು. ಅವನು "ಹೋಗ್ತೀನಿ" ಅನ್ನಬೇಕಾ, "ಹೋಗಿ ಬರ್ತೀನಿ" ಅನ್ನಬೇಕಾ? ಹತ್ತು ವರ್ಷ ನರಳಿದ ಜಾಗಕ್ಕೆ ಯಾರಾದರೂ ಬರ್ತೀನಿ ಅಂತಾರಾ ಅಂದರು ಕೆಲವರು. ಹೋಗ್ತೀನಿ ಅಂದರೆ ಅಪಶಕುನ ಅಂದರು ಇನ್ನು ಕೆಲವರು. ಫಿಲಣ್ಣ ಆಗಿದ್ದದ್ದು ಅದೇ ಅಜ್ಜಿಯ ಮೊಮ್ಮಗಳು, ತಾನೇ ಕೇಳಿ ತೆಗೆದುಕೊಂಡ ಪಾತ್ರ. ಜಗಳ ನಡೆಯುತ್ತಿರುವಾಗಲೇ ಅವಳು ಗೋಣಿಚೀಲ ಕೊಡವಿ, ನೀಟಾಗಿ ಮಡಿಸಿ, ಗೋಡೆಗೆ ಒರಗಿಸಿಟ್ಟಳು. ಅದರ ಮೇಲೆ ಅಂಗೈ ಇಟ್ಟು "ಹೋಗಿ ಬರ್ತೀನಿ" ಅಂದಳು. ನಿಯೋ ಆಗಿದ್ದ ಹುಡುಗ ಬಿಲ್ಲು ಅವಳ ಹೆಗಲಿಗೆ ಹಾಕಿ, ತನ್ನ ಹೆಗಲು ಕೊಟ್ಟ. ಕುಂಟುತ್ತಾ ಬಾಗಿಲ ಕಡೆ ಹೊರಟರು.